ಗೂನುಬೆನ್ನಿನ ಮಹಶೀರ್

ಐವತ್ತು ಕಿಲೋ ಮೀರಿ ಬೆಳೆಯುತ್ತಿದ್ದ ಮೀನು. ಅದಕ್ಕಾಗಿ ಕಡಲು ದಾಟಿ ಬರುತ್ತಿದ್ದ ಗಾಳಗಾರರು. ಅದರ ನದಿಯನ್ನೇ ಕುಡಿಯುವ ಬೆಂಗಳೂರು. ಕಾವೇರಿಯ ಗೂನುಬೆನ್ನಿನ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತು.

ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಗಾಳಕ್ಕೆ ಮೆತ್ತುತ್ತಿದ್ದರು. ಬೇಸಿಗೆಯ ಸಂಜೆ, ಕಾವೇರಿ ದಂಡೆಯ ಭೀಮೇಶ್ವರಿಯ ಮಡು. ನೀರಿನ ನಡುವೆ ಆನೆ ಮಲಗಿದಂಥ ಬಂಡೆಗಳು, ದಡದ ಮೇಲೆ ಹೊಳೆಮತ್ತಿಯ ನೆರಳು. ಉಂಡೆ ತಳ ಮುಟ್ಟಿದ ಮೇಲೆ ಉಳಿದ ಕೆಲಸವೆಂದರೆ ದಾರವನ್ನು ಬೆರಳ ತುದಿಯಲ್ಲಿ ಹಿಡಿದು ಕಾಯುವುದು.

ಮೊದಲು ಸಣ್ಣ ಮೀನುಗಳು ಉಂಡೆಯನ್ನು ಕುಟುಕುವುದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಅದೂ ನಿಲ್ಲುತ್ತದೆ. ದೊಡ್ಡದು ಹತ್ತಿರ ಬಂದಾಗ ಚಿಕ್ಕವು ಸರಿದುಕೊಳ್ಳುತ್ತವೆ.

ಕೋಲು ಬಿಲ್ಲಾಗಿ ಬಾಗುತ್ತದೆ. ರೀಲು ಕಿರುಚುತ್ತದೆ. ನೂರು ಗಜ ದಾರ ನೋಡನೋಡುತ್ತಿದ್ದಂತೆ ಸೆಳವಿನೊಳಗೆ ಓಡಿಹೋಗುತ್ತದೆ. ಗಾಳ ಹಿಡಿದವನು ಹರಿಗೋಲು ಹತ್ತಿ ಬೆನ್ನಟ್ಟಬೇಕು. ಹುಟ್ಟು ಹಾಕುವವನಿಗೆ ಪ್ರತಿ ಬಂಡೆಯೂ ಪ್ರತಿ ಸುಳಿಯೂ ಗೊತ್ತಿರಬೇಕು. ಒಂದು ಗಂಟೆಯ ಸೆಣಸಾಟದ ನಂತರ ಮೀನು ಮಗ್ಗುಲಾಗುತ್ತದೆ: ಹೊನ್ನಿನ ಮೈ, ಕಿತ್ತಳೆ ಬಣ್ಣದ ರೆಕ್ಕೆಗಳು, ತಲೆಯ ಹಿಂದಿನಿಂದಲೇ ಎದ್ದ ಗೂನು.

ತೂಕ ನೋಡಿ, ಫೋಟೊ ತೆಗೆದು, ಮೀನಿನ ತಲೆಯನ್ನು ಹರಿವಿಗೆ ಎದುರಾಗಿ ಹಿಡಿಯುತ್ತಿದ್ದರು. ಕಿವಿರು ಮತ್ತೆ ಸರಾಗವಾಗಿ ಆಡತೊಡಗಿದಾಗ ಕೈಬಿಡುತ್ತಿದ್ದರು. ಮೀನು ನಿಧಾನವಾಗಿ ಮಡುವಿನ ಕತ್ತಲೆಗೆ ಇಳಿಯುತ್ತಿತ್ತು.

ಆ ಮಡುವಿಗೂ ಬೆಂಗಳೂರಿನ ಲಾಲ್‌ಬಾಗಿನ ಮಗ್ಗುಲಿನ ಸಿದ್ದಾಪುರಕ್ಕೂ ಒಂದು ಕೊಳವೆಯ ನಂಟಿದೆ. ಸಿದ್ದಾಪುರದ ಓಣಿಗಳಲ್ಲಿ, ಅಲ್ಲಿನ ನರ್ಸರಿಗಳ ಸಾಲಿನಲ್ಲಿ, ಪಕ್ಕದ ಜಯನಗರದ ಮನೆಗಳಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಕಾವೇರಿ. ಶಿವನಸಮುದ್ರದ ಬಳಿಯ ಶಿವ ಅಣೆಕಟ್ಟೆಯಿಂದ ನೆಟ್ಕಲ್ ಜಲಾಶಯಕ್ಕೆ, ಅಲ್ಲಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ, ಮುಂದೆ ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸ್‌ಗಳ ಮೂಲಕ ಸುಮಾರು 500 ಮೀಟರ್ ಎತ್ತರ ಏರಿ ಆ ನೀರು ನಗರ ತಲುಪುತ್ತದೆ. ಬನಶಂಕರಿಯಿಂದ ಕನಕಪುರ ರಸ್ತೆ ಹಿಡಿದು ಸಂಗಮಕ್ಕೆ, ಮೇಕೆದಾಟಿಗೆ ಹೋಗುವವರು ಈ ನೀರಿನ ಎದುರು ದಿಕ್ಕಿನಲ್ಲಿ ಸಾಗುತ್ತಾರೆ.

ಮುಂಗಾರು ಈ ಮೀನಿಗೆ ಪಯಣದ ಕಾಲ. ಕೊಡಗಿನಲ್ಲಿ ಮಳೆ ಹಿಡಿದು, ಕನ್ನಂಬಾಡಿ ತುಂಬಿ, ಬಾಗಿನ ಅರ್ಪಿಸುವ ಸುದ್ದಿ ಬರುವ ಹೊತ್ತಿಗೆ ನದಿಯ ಕೆಳಪಾತ್ರದ ಮಹಶೀರ್‌ಗಳು ಕೆಂಪು ನೀರಿನ ಸುಳಿವು ಹಿಡಿದು ಮೇಲ್ಮುಖವಾಗಿ ಹೊರಡುತ್ತವೆ. ಅವುಗಳಲ್ಲಿ ಗೂನುಬೆನ್ನಿನವು ಈಗ ಎಷ್ಟು ವಿರಳವೆಂದರೆ, ಕಾವೇರಿಯ ಮುಖ್ಯ ಹರಿವಿನಲ್ಲಿ ಒಂದು ಕಾಣಿಸಿದರೂ ಅದು ಸಂಶೋಧಕರಿಗೆ ಸುದ್ದಿ.

ಬಿಳಿಮೀನು, ಪೆರುವಾಲು, ದೇವರ ಮೀನು

ಮಹಶೀರ್ ಎಂಬುದು ಒಂದು ಮೀನಿನ ಹೆಸರಲ್ಲ, ಒಂದು ಬಳಗದ ಹೆಸರು. ಗೆಂಡೆ ಮೀನಿನ ಹತ್ತಿರದ ನೆಂಟರಾದ ಇವು ಹಿಮಾಲಯದ ತಪ್ಪಲಿನಿಂದ ಆಗ್ನೇಯ ಏಷ್ಯಾದವರೆಗೆ ಹರಿವ ಹೊಳೆಗಳಲ್ಲಿ ಬದುಕುತ್ತವೆ. ಕನ್ನಡದ ಬೆಸ್ತರು ಬಿಳಿಮೀನು ಎಂದರು, ತುಳುವಿನಲ್ಲಿ ಪೆರುವಾಲು. ದೇವಸ್ಥಾನದ ಮೆಟ್ಟಿಲ ಬಳಿ ಇದ್ದರೆ ಅದು ದೇವರ ಮೀನು.

ಈ ಬಳಗದಲ್ಲಿ ಗೂನುಬೆನ್ನಿನದು ಕಾವೇರಿ ಮತ್ತು ಅದರ ಉಪನದಿಗಳದ್ದು ಮಾತ್ರ. ಬೇರೆ ಯಾವ ನದಿಯಲ್ಲೂ ಅದು ಹುಟ್ಟಿದ್ದಿಲ್ಲ. ಬಳಗದಲ್ಲೇ ಅತಿ ದೊಡ್ಡ ಮೈಯ ಮೀನುಗಳ ಸಾಲಿನದು. ದೊಡ್ಡ ಮೀನಿನ ಒಂದು ಹುರುಪೆ ಅಂಗೈ ತುಂಬುತ್ತದೆ. ಬಾಯಿಯಲ್ಲಿ ಹಲ್ಲಿಲ್ಲ. ಗಂಟಲಲ್ಲಿರುವ ಹಲ್ಲುಗಳಿಂದ ಏಡಿ, ಶಂಖದ ಹುಳು, ಹೊಳೆಗೆ ಬಿದ್ದ ಕಾಯಿಗಳನ್ನು ನುರಿಯುತ್ತದೆ. ಗಾಳದ ಕೊಂಡಿ ನೆಟ್ಟಗಾಗುವಷ್ಟು ಬಲ ಆ ಗಂಟಲಿಗೆ.

ಅದರ ಅಗತ್ಯಗಳು ಮಾತ್ರ ಸೂಕ್ಷ್ಮ. ಮೊಟ್ಟೆಗೆ ಬೇಕಾದದ್ದು ಹೂಳಿಲ್ಲದ ಗರಸು ಮತ್ತು ಆಮ್ಲಜನಕ ತುಂಬಿದ ಹರಿವ ನೀರು. ಮರಿಗೆ ಬೇಕಾದದ್ದು ಆಳವಿಲ್ಲದ ತಿಳಿನೀರಿನ ಅಂಚು. ದೊಡ್ಡವಕ್ಕೆ ಬೇಸಿಗೆಯಲ್ಲೂ ಬತ್ತದ ಮಡು. ಈ ಮೂರೂ ಬೇರೆ ಬೇರೆ ಜಾಗಗಳು, ಇವುಗಳ ನಡುವೆ ದಾರಿ ತೆರೆದಿರಬೇಕು. ಒಂದು ಕಡೆ ಗೋಡೆ ಎದ್ದರೆ ಸಾಕು, ಉಳಿದೆರಡೂ ಇದ್ದು ಇಲ್ಲದಂತೆ.

---

ದೇವರ ಮೆಟ್ಟಿಲ ಬಳಿ

ಶೃಂಗೇರಿಯ ತುಂಗಾ ತೀರದಲ್ಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಮೀನಿಗೆ ಗಾಳವಿಲ್ಲ, ಬಲೆಯಿಲ್ಲ. ಭಕ್ತರು ಮಂಡಕ್ಕಿ, ಅಕ್ಕಿ ಹಾಕುತ್ತಾರೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಮತ್ಸ್ಯತೀರ್ಥವೂ ಹಾಗೆಯೇ. 1996ರಲ್ಲಿ ಯಾರೋ ಅಲ್ಲಿ ವಿಷ ಬೆರೆಸಿ ಮೀನುಗಳ ರಾಶಿಯೇ ಸತ್ತಾಗ ಊರು ಮರುಗಿತು. ದೇವರ ಹೆಸರಿನಲ್ಲಿ ಕಾದ ಇಂಥ ಪುಟ್ಟ ಮಡುಗಳು ರಾಜ್ಯದ ಅತಿ ಹಳೆಯ ಮೀನುಧಾಮಗಳು.

---

ಕಲ್ಯಾಣದಿಂದ ಮಂಗಳೂರಿಗೆ

ಗಾಳ ಹಾಕುವುದನ್ನು ಹೊಟ್ಟೆಪಾಡಿನ ಆಚೆಗೆ ವಿನೋದವಾಗಿ ಕಂಡದ್ದು ಇಂಗ್ಲಿಷರು ಎಂಬ ಮಾತಿದೆ. ಅದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1131ರ ಸುಮಾರಿಗೆ ಬರೆಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಸಿಹಿನೀರು ಮತ್ತು ಕಡಲ ಮೀನುಗಳ ಬಗೆಗಳು, ಕೋಲು, ದಾರ, ಯಾವ ಮೀನಿಗೆ ಯಾವ ಎರೆ, ಮೀನು ಕಚ್ಚಿದಾಗ ಎಳೆಯುವ ಬಗೆ ಎಲ್ಲವನ್ನೂ ಅದು ವಿವರಿಸುತ್ತದೆ. ಈಗಿನ ಬಸವಕಲ್ಯಾಣದ ಅರಮನೆಯಲ್ಲಿ ಒಂಬತ್ತು ಶತಮಾನಗಳ ಹಿಂದೆ ಗಾಳ ರಾಜಭೋಗವಾಗಿತ್ತು.

ಮಹಶೀರ್‌ಗೆ ಜಗತ್ತಿನ ಗಾಳಗಾರರ ನಡುವೆ ಹೆಸರು ತಂದ ಪುಸ್ತಕವೂ ಕರ್ನಾಟಕದಲ್ಲೇ ಅಚ್ಚಾಯಿತು. ಮದ್ರಾಸ್ ಸಿವಿಲ್ ಸರ್ವಿಸ್‌ನ ಹೆನ್ರಿ ಸಲ್ಲಿವನ್ ಥಾಮಸ್ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದವನು. ಅವನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಿಂದ ಹೊರಬಂತು. ಬ್ರಿಟನ್ನಿನ ಗಾಳಗಾರನಿಗೆ ಮೀನುಗಳ ರಾಜನೆಂದರೆ ಸಾಲ್ಮನ್. ಅದೇ ತೂಕದ ಸಾಲ್ಮನ್‌ಗಿಂತ ಮಹಶೀರ್ ಹೆಚ್ಚು ಬಲವಾಗಿ ಸೆಣಸುತ್ತದೆ ಎಂದು ಥಾಮಸ್ ವಾದಿಸಿದ. ಓದಿದವರಿಗೆ ಭಾರತದ ಹೊಳೆಗಳ ಹುಚ್ಚು ಹಿಡಿಯಿತು.

ಥಾಮಸ್ ಬರೀ ಮೋಜುಗಾರನಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಹೊಳೆಗೆ ವಿಷ ಕಲಸಿ, ಮರಿಗಳನ್ನೂ ಬಿಡದೆ ಬಾಚುವುದನ್ನು ಕಂಡು ಅವನು ಸರ್ಕಾರಕ್ಕೆ ವರದಿ ಬರೆದ. ಅವನೂ ಮೀನುತಜ್ಞ ಫ್ರಾನ್ಸಿಸ್ ಡೇಯೂ ಎತ್ತಿದ ಕೂಗು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಗೆ ದಾರಿ ಮಾಡಿತು. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದು ಆ ಕಾಯ್ದೆಯಿಂದಲೇ ಅಪರಾಧ. ಕಾನೂನು ಅಷ್ಟು ಹಳೆಯದು. ಕಾವೇರಿಯಲ್ಲಿ ತೋಟೆಯ ಸದ್ದು ಅದಾದ ಮೇಲೂ ನೂರು ವರ್ಷ ಕೇಳಿಸಿತು.

ದಾಖಲೆಯ ಮೀನುಗಳೆಲ್ಲ ಕಾವೇರಿ ಕಣಿವೆಯವು. 1919ರಲ್ಲಿ ರಿವೆಟ್-ಕಾರ್ನಾಕ್ ಎಂಬ ಸೇನಾಧಿಕಾರಿ 119 ಪೌಂಡಿನ ಮೀನು ಹಿಡಿದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನದನ್ನು ದಡಕ್ಕೆ ತಂದ. ಕಿಲೋ ಲೆಕ್ಕದಲ್ಲಿ 54.4. ಹುಲಿ, ಚಿರತೆಗಳ ಚರ್ಮಕ್ಕೆ ಜೀವಕಳೆ ಕೊಡುವ ಕೆಲಸಕ್ಕೆ ಜಗತ್ತಿನಲ್ಲೇ ಹೆಸರಾಗಿದ್ದ ಮನೆತನ ಅದು. 120 ಪೌಂಡಿನ ಆ ದಾಖಲೆ ಬಹುಕಾಲ ಉಳಿಯಿತು.

ತೋಟೆ ಬಿಟ್ಟು ಕಾವಲಿಗೆ

ಸ್ವಾತಂತ್ರ್ಯದ ನಂತರ ಮಹಶೀರ್ ಹೊರಗಿನವರ ನೆನಪಿನಿಂದ ಜಾರಿತು. ಮೀನು ಮುಗಿದೇಹೋಯಿತು ಎಂದುಕೊಂಡವರೂ ಇದ್ದರು. 1977ರಲ್ಲಿ ಮೂವರು ಬ್ರಿಟಿಷ್ ಯುವಕರು ಭೂಮಾರ್ಗವಾಗಿ ಬಂದು ಭಾರತದ ನದಿಗಳಲ್ಲಿ ಅದನ್ನು ಹುಡುಕಿದರು. ಹುಡುಕಾಟ ಫಲಿಸಿದ್ದು ಕಾವೇರಿಯಲ್ಲಿ. ಅವರ ಅತಿ ದೊಡ್ಡ ಮೀನು 92 ಪೌಂಡ್ ತೂಗಿತು. ಸುದ್ದಿ ಹರಡಿತು. ಗಾಳಗಾರರ ಹೊಸ ಪೀಳಿಗೆ ಬೆಂಗಳೂರಿಗೆ ಬಂದಿಳಿಯತೊಡಗಿತು.

ಬೆಂಗಳೂರಿನ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ 1972ರಲ್ಲಿ ಹುಟ್ಟಿದ ಸಂಸ್ಥೆ. ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಅದು ಕಾವಲು ಹಾಕಿತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ 1980ರ ದಶಕದಲ್ಲಿ ಭೀಮೇಶ್ವರಿಯಲ್ಲಿ ಶಿಬಿರ ತೆರೆಯಿತು. ದೊಡ್ಡಮಾಕಳಿ, ಗಾಲಿಬೋರೆ ಸೇರಿಕೊಂಡವು. ಕೊಡಗಿನಲ್ಲಿ ವಾಲ್ನೂರಿನ ಹತ್ತಿರದ ಹರಿವನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ನೋಡಿಕೊಂಡಿತು. ಎಲ್ಲ ಕಡೆ ನಿಯಮ ಒಂದೇ: ಹಿಡಿ, ಬಿಡು.

ಈ ಏರ್ಪಾಡಿನ ಹೃದಯ ಇದ್ದದ್ದು ಹಳ್ಳಿಗಳಲ್ಲಿ. ತೋಟೆ ಎಸೆದು ಗೊತ್ತಿದ್ದ, ರಾತ್ರಿ ಬಲೆ ಬಿಟ್ಟು ಗೊತ್ತಿದ್ದ ಜನರೇ ಸಂಬಳದ ಕಾವಲುಗಾರರಾದರು, ಗಾಳಗಾರರ ಮಾರ್ಗದರ್ಶಿಗಳಾದರು. ಯಾವ ಮಡುವಿನಲ್ಲಿ ಯಾವ ತಿಂಗಳು ಮೀನು ನಿಲ್ಲುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಜೀವಂತ ಮೀನೊಂದು ಹತ್ತು ಸಲ ಸಿಕ್ಕು ಹತ್ತು ಸಲ ಕೂಲಿ ಕೊಡುತ್ತದೆ, ಸತ್ತ ಮೀನು ಒಂದೇ ಸಲ. ಈ ಲೆಕ್ಕ ಹೊಳೆದಂಡೆಯ ಮನೆಗಳಿಗೆ ಬೇಗ ಅರ್ಥವಾಯಿತು.

ಗಾಳಗಾರರು ಇನ್ನೊಂದು ಕೆಲಸ ಮಾಡಿದರು. ಅದರ ಬೆಲೆ ಆಗ ಅವರಿಗೇ ತಿಳಿದಿರಲಿಲ್ಲ. ಎಷ್ಟು ಗಂಟೆ ಗಾಳ ಹಾಕಿದರು, ಯಾವ ಮೀನು ಸಿಕ್ಕಿತು, ತೂಕವೆಷ್ಟು ಎಂದು ಪ್ರತಿದಿನ ಪುಸ್ತಕದಲ್ಲಿ ಬರೆದಿಟ್ಟರು.

ಪುಸ್ತಕ ಹೇಳಿದ ಸತ್ಯ

ಗಾಲಿಬೋರೆಯ 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಬ್ರಿಟನ್ನಿನ ಮೀನುವಿಜ್ಞಾನಿ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಜೊತೆಗಾರರು ಕುಳಿತು ಓದಿದರು. 23 ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳ, 6 ಸಾವಿರಕ್ಕೂ ಹೆಚ್ಚು ಮೀನು. 2015ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಗಾಳಗಾರರನ್ನೇ ಬೆಚ್ಚಿಬೀಳಿಸಿತು.

ಒಟ್ಟು ಮಹಶೀರ್‌ಗಳ ಸಂಖ್ಯೆ ಏರಿತ್ತು. ಆದರೆ ಏರಿದ್ದು ನೀಲಿರೆಕ್ಕೆಯ ಮಹಶೀರ್. ಗೂನುಬೆನ್ನಿನ ಮೀನುಗಳು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿದ್ದವು, ಆದರೆ ಅವುಗಳ ಸರಾಸರಿ ತೂಕ ಹೆಚ್ಚುತ್ತ ಹೋಗಿತ್ತು. ದೊಡ್ಡ ಮೀನು ಸಿಕ್ಕಿದ ಖುಷಿಯಲ್ಲಿ ಯಾರ ಗಮನಕ್ಕೂ ಬಾರದಿದ್ದ ಸಂಗತಿ ಅದು. ಸಿಗುತ್ತಿದ್ದವೆಲ್ಲ ಮುದಿ ಮೀನುಗಳು, ಮರಿಗಳೇ ಇರಲಿಲ್ಲ. ಮಕ್ಕಳೆಲ್ಲ ಪೇಟೆ ಸೇರಿ ಹಿರಿಯರಷ್ಟೇ ಉಳಿದ ಮಲೆನಾಡಿನ ಊರಿನ ಹಾಗೆ ಮಡು ಕಾಣುತ್ತಿತ್ತು.

ನೀಲಿರೆಕ್ಕೆಯದು ಕಾವೇರಿಗೆ ಬಂದದ್ದು ಹೇಗೆ? ಅದರ ತವರು ಕೃಷ್ಣಾ ಕಣಿವೆ. ಪುಣೆಯ ಮುಳಾ-ಮುಠಾ ನದಿಯ ಮೀನು ನೋಡಿ ಸೈಕ್ಸ್ ಎಂಬಾತ 1839ರಲ್ಲಿ ಅದಕ್ಕೆ ಹೆಸರಿಟ್ಟಿದ್ದ. 1970ರ ದಶಕದಲ್ಲಿ ಲೋನಾವಳದ ಟಾಟಾ ಮೀನು ಕೇಂದ್ರ ಅದನ್ನು ಕೃತಕವಾಗಿ ಮರಿ ಮಾಡಿಸುವ ವಿದ್ಯೆ ಸಾಧಿಸಿತು. ಭಾರತದ ಮೀನುವಿಜ್ಞಾನದ ಹೆಮ್ಮೆಯ ಸಾಧನೆ ಅದು. ಕುಗ್ಗುತ್ತಿದ್ದ ಮಹಶೀರ್ ಸಂತತಿಯನ್ನು ಹೆಚ್ಚಿಸಲು ಆ ಮರಿಗಳನ್ನು ಬೇರೆ ಬೇರೆ ನದಿಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಕೊಡಗಿನ ಹಾರಂಗಿಯಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆಯ ಮರಿ ಕೇಂದ್ರವೂ ಆಯಿತು. ಮಹಶೀರ್ ಎಂದರೆ ಮಹಶೀರ್ ಎಂದಷ್ಟೇ ಎಲ್ಲರೂ ಭಾವಿಸಿದ್ದರು.

ಹೊಸಬನಿಗೆ ಹೊಸ ನದಿ ಒಗ್ಗಿತು. ಬೇಗ ಹೆಚ್ಚಿತು, ಆಹಾರಕ್ಕೆ, ಮೊಟ್ಟೆಯ ಗರಸಿಗೆ ಪೈಪೋಟಿಯಾಯಿತು, ಬೆರಕೆಯ ಅಪಾಯವೂ ಎದುರಾಯಿತು. ಹೊಳೆಯನ್ನು ದ್ವೇಷಿಸುವವರು ಮಾಡಿದ ಹಾನಿ ಇದಲ್ಲ, ಪ್ರೀತಿಸುವವರು ಮಾಡಿದ್ದು. ಅದಕ್ಕಾಗಿಯೇ ಈ ಅಧ್ಯಾಯ ಓದುವಾಗ ಹೆಚ್ಚು ನೋವಾಗುತ್ತದೆ.

ಇಷ್ಟರವರೆಗೂ ಗೂನುಬೆನ್ನಿನ ಮೀನಿಗೆ ವಿಜ್ಞಾನದ ಪುಸ್ತಕದಲ್ಲಿ ಖಚಿತ ಹೆಸರಿರಲಿಲ್ಲ. ಹೆಸರಿಲ್ಲದ ಜೀವಿಯನ್ನು ಕೆಂಪು ಪಟ್ಟಿಗೆ ಸೇರಿಸಲು ಬರುವುದಿಲ್ಲ, ಅದಕ್ಕಾಗಿ ಯೋಜನೆ ರೂಪಿಸಲೂ ಬರುವುದಿಲ್ಲ. ಉತ್ತರ ಸಿಕ್ಕಿದ್ದು ಕೇರಳದ ಚಿನ್ನಾರ್ ಕಾಡಿನಲ್ಲಿ. ಅಲ್ಲಿ ಹರಿಯುವ ಪಾಂಬಾರ್ ಪೂರ್ವಕ್ಕೆ ತಿರುಗಿ ಅಮರಾವತಿಯ ಮೂಲಕ ಕಾವೇರಿ ಸೇರುವ ಹೊಳೆ. ಅಲ್ಲಿನ ಸಣ್ಣ ಮೀನುಗಳನ್ನು ನೋಡಿ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು 2007ರಲ್ಲಿ ಟೋರ್ ರೆಮಾದೇವಿ ಎಂದು ಹೆಸರಿಟ್ಟಿದ್ದರು. ಪ್ರಾಣಿ ಸರ್ವೇಕ್ಷಣಾಲಯದ ಮೀನುತಜ್ಞೆ ರೆಮಾದೇವಿ ಅವರ ಗೌರವಕ್ಕೆ. ಕಾವೇರಿ ಕಣಿವೆಯ ಮೊಯಾರ್ ನದಿಯಲ್ಲಿ ಸಿಕ್ಕ ಗೂನುಬೆನ್ನಿನ ಮೀನಿನ ಡಿಎನ್‌ಎಯನ್ನೂ ಮೈಕಟ್ಟನ್ನೂ ಹೋಲಿಸಿದಾಗ ಎರಡೂ ಒಂದೇ ಎಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ‘ತೀವ್ರ ಅಳಿವಿನಂಚಿನಲ್ಲಿ’ ಎಂಬ ವರ್ಗಕ್ಕೆ ಸೇರಿತು. ನಾಡಿನ ಹುಲಿ ಇರುವ ವರ್ಗಕ್ಕಿಂತ ಇದು ಒಂದು ಮೆಟ್ಟಿಲು ಹೆಚ್ಚು ಅಪಾಯದ್ದು.

---

ಸಾಲ್ಮನ್‌ಗೂ ಇದೇ ಪಾಡು

ಥಾಮಸ್ ಹೋಲಿಸಿದ ಸಾಲ್ಮನ್ ಕೂಡ ಸುಖವಾಗಿಲ್ಲ. ಅಟ್ಲಾಂಟಿಕ್ ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ತವರು ಹೊಳೆಗೇ ಮರಳುವ ಮೀನು. 2006ರಿಂದ 2020ರ ನಡುವೆ ಅದರ ಸಂಖ್ಯೆ ಶೇಕಡ 23ರಷ್ಟು ಇಳಿದಿದೆ ಎಂದು 2023ರ ಡಿಸೆಂಬರ್‌ನಲ್ಲಿ ಐಯುಸಿಎನ್ ಹೇಳಿತು.

ಅಣೆಕಟ್ಟು, ಬಿಸಿಯಾಗುತ್ತಿರುವ ನೀರು, ಕಡಲಿನ ಪಂಜರಗಳಲ್ಲಿ ಸಾಕುವ ಸಾಲ್ಮನ್‌ನಿಂದ ಹರಡುವ ಹೇನು, ಪಂಜರದಿಂದ ತಪ್ಪಿಸಿಕೊಂಡವು ಕಾಡು ಮೀನಿನೊಂದಿಗೆ ಬೆರೆಯುವುದು ಕಾರಣಗಳು. ಸ್ಕಾಟ್ಲೆಂಡಿನಲ್ಲಿ 1952ರಿಂದ ಗಾಳಗಾರರ ಲೆಕ್ಕವಿದೆ. 2023ರಲ್ಲಿ ಸಿಕ್ಕಿದ ಸಾಲ್ಮನ್ ಅಲ್ಲಿಯವರೆಗಿನ ಅತಿ ಕಡಿಮೆ. ಹಿಡಿದದ್ದರಲ್ಲಿ ಬಹುಪಾಲನ್ನು ಅಲ್ಲಿ ಮರಳಿ ನೀರಿಗೆ ಬಿಡುತ್ತಾರೆ.

ಅಮೆರಿಕದ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು ಕೆಡವುವ ಕೆಲಸ 2024ರಲ್ಲಿ ಮುಗಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ನೂರಕ್ಕೂ ಹೆಚ್ಚು ವರ್ಷಗಳ ನಂತರ, ಸಾಲ್ಮನ್‌ಗಳು ಆ ಜಾಗ ದಾಟಿ ಮೇಲಕ್ಕೆ ಬಂದವು.

---

ನದಿಗೆ ಬಿದ್ದ ಪೆಟ್ಟುಗಳು

ಹೊರಗಿನ ಮೀನೊಂದೇ ಗೂನುಬೆನ್ನಿನದನ್ನು ಮುಗಿಸಿತು ಎಂದರೆ ಅರ್ಧ ಮಾತಾದೀತು. ಅದಕ್ಕೂ ಮೊದಲೇ ನದಿ ತುಂಡಾಗಿತ್ತು.

ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಕೆಳಗೆ 1934ರಲ್ಲಿ ಮೆಟ್ಟೂರು, 1970ರ ದಶಕದಲ್ಲಿ ಕಬಿನಿ, ಆಮೇಲೆ ಹೇಮಾವತಿ, ಹಾರಂಗಿ. ಮಂಡ್ಯದ ಗದ್ದೆಗೆ, ಮೈಸೂರಿನ ದೀಪಕ್ಕೆ, ತಂಜಾವೂರಿನ ಭತ್ತಕ್ಕೆ ಅವು ಬೇಕಿದ್ದವು. ಮೀನಿನ ದಾರಿಯನ್ನು ಮಾತ್ರ ಅವು ಕತ್ತರಿಸಿದವು. ವ್ಯಾನ್ ಇಂಗೆನ್ ದಾಖಲೆ ಮೀನು ಹಿಡಿದ ಕಬಿನಿ ಈಗ ಬೇರೆಯೇ ನದಿ.

ಸಣ್ಣ ಜಲವಿದ್ಯುತ್ ಘಟಕಗಳ ಏಟು ಕಣ್ಣಿಗೆ ಕಾಣುವುದಿಲ್ಲ. ವಿದ್ಯುತ್ ಬೇಡಿಕೆಗೆ ತಕ್ಕಂತೆ ನೀರು ಬಿಟ್ಟು ತಡೆದಾಗ ಕೆಳಗಿನ ಹೊಳೆ ದಿನದೊಳಗೇ ಏರುತ್ತದೆ, ಇಳಿಯುತ್ತದೆ. ಆಳವಿಲ್ಲದ ಅಂಚಿನಲ್ಲಿ ಮೊಟ್ಟೆ ಇದ್ದರೆ ಸಂಜೆಯೊಳಗೆ ಗರಸಿನ ಮೇಲೆ ಒಣಗಿಹೋಗುತ್ತದೆ. ಮೊಟ್ಟೆ ಮರಿಯಾಗಲು ಬೇಕಾದದ್ದು ಮೂರು ನಾಲ್ಕು ದಿನಗಳ ನೆಮ್ಮದಿ. ಅಷ್ಟೂ ಸಿಗುವುದಿಲ್ಲ.

ತೋಟೆಯ ಕಥೆ ಇನ್ನೂ ಕ್ರೂರ. ನೀರೊಳಗೆ ಸಿಡಿದಾಗ ಒತ್ತಡದ ಅಲೆಗೆ ಮೀನಿನ ಗಾಳಿಚೀಲ ಒಡೆಯುತ್ತದೆ. ತೇಲಿಬಂದದ್ದನ್ನು ಬಾಚಿಕೊಳ್ಳುತ್ತಾರೆ, ಸತ್ತವುಗಳಲ್ಲಿ ಬಹಳಷ್ಟು ತಳಕ್ಕೆ ಇಳಿದು ಕೊಳೆಯುತ್ತವೆ. ನಲವತ್ತು ಕಿಲೋಗೆ ಬೆಳೆಯಲು ದಶಕಗಳನ್ನು ತೆಗೆದುಕೊಂಡ ಮೀನು ಒಂದು ಕ್ಷಣದಲ್ಲಿ ಮುಗಿಯುತ್ತದೆ. ಇದರ ಮೇಲೆ ಮರಳು ಎತ್ತುವಿಕೆ. ಮರಳಿನ ಜೊತೆ ಹೋಗುವುದು ಮೊಟ್ಟೆಯ ತೊಟ್ಟಿಲು. ಹೊರದೇಶದ ತಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್‌ಗಳೂ ಈಗ ಕಾವೇರಿಯ ನಿವಾಸಿಗಳು.

ದಕ್ಷಿಣ ಬೆಂಗಳೂರಿನ ಪಾಲನ್ನು ಬಿಡಿಸಿ ಹೇಳಬೇಕು. ಬಸವನಗುಡಿಯ ದೊಡ್ಡ ಬಸವನ ಬಳಿ ಹುಟ್ಟುವ ವೃಷಭಾವತಿ ನಗರದ ಪಶ್ಚಿಮ ಮತ್ತು ದಕ್ಷಿಣ ಬಡಾವಣೆಗಳ ಕೊಳಚೆಯನ್ನು ಹೊತ್ತು ಬೈರಮಂಗಲ ಕೆರೆ ದಾಟಿ ಅರ್ಕಾವತಿ ಸೇರುತ್ತದೆ. ಅರ್ಕಾವತಿ ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಲಾಲ್‌ಬಾಗಿನ ಪೂರ್ವದ ಇಳಿಜಾರಿನಲ್ಲಿರುವ ಸಿದ್ದಾಪುರದ ಚರಂಡಿ ನೀರು ಬೆಳ್ಳಂದೂರಿನ ಕಡೆಗೆ ಹರಿದು ಬೇರೆ ನದಿಯನ್ನು ಸೇರುತ್ತದೆ. ಹೀಗೆ ಒಂದೇ ದಿಣ್ಣೆಯ ಎರಡು ಮಗ್ಗುಲಿನ ಮನೆಗಳಲ್ಲಿ ಕುಡಿಯುವುದು ಒಂದೇ ಕಾವೇರಿ. ಬಳಸಿದ ನೀರು ಒಂದು ಕಡೆಯಿಂದ ಮಹಶೀರ್‌ನ ಹೊಳೆಗೇ ಮರಳುತ್ತದೆ, ಇನ್ನೊಂದು ಕಡೆಯಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ.

---

ನಲ್ಲಿಯ ಲೆಕ್ಕ

ಕಾವೇರಿ ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ನಾಲ್ಕು ಹಂತಗಳು ಮುಗಿಯುವ ಹೊತ್ತಿಗೆ ದಿನಕ್ಕೆ 145 ಕೋಟಿ ಲೀಟರ್. 2024ರ ಅಕ್ಟೋಬರ್ 16ರಂದು ಐದನೇ ಹಂತ ಚಾಲನೆಗೊಂಡು ದಿನಕ್ಕೆ 77.5 ಕೋಟಿ ಲೀಟರ್ ಸೇರಿತು. ನಗರದ ಅಂಚಿನ 110 ಹಳ್ಳಿಗಳಿಗಾಗಿ ರೂಪಿಸಿದ ಹಂತ ಅದು.

---

ನಗರ ಬೆಳೆದಂತೆ ಸಂಗಮದ ಕೆಳಗೆ ಮೇಕೆದಾಟು ಜಲಾಶಯದ ಪ್ರಸ್ತಾಪ ಬಂತು. ಸುಮಾರು 67 ಟಿಎಂಸಿ ಅಡಿ ನೀರು, 400 ಮೆಗಾವಾಟ್ ವಿದ್ಯುತ್, ಬೆಂಗಳೂರಿಗೆ ಕುಡಿಯುವ ನೀರು. ಇದರ ಚರ್ಚೆ ಎರಡು ರಾಜ್ಯಗಳ ಪಾಲಿನ ಸುತ್ತಲೇ ತಿರುಗುತ್ತದೆ. ಜಲಾಶಯ ತುಂಬಿದರೆ ಅದರ ಹಿಂದಿನ ಕಾವೇರಿ ವನ್ಯಧಾಮದ ಹರಿವು, ಬಂಡೆಗಳ ನಡುವಿನ ಝರಿ, ಗರಸು ಎಲ್ಲ ನಿಂತ ನೀರಾಗುತ್ತದೆ. ಹರಿವ ನೀರಿಗೆ ಹುಟ್ಟಿದ ಮೀನು ಈ ಚರ್ಚೆಯಲ್ಲಿ ಪಾಲುದಾರನಾಗಿ ಕಾಣಿಸಿಕೊಂಡಿಲ್ಲ. ಕಾಣಿಸಬೇಕು.

ಗಾಳ ನಿಂತ ಮೇಲೆ

ಕಾವೇರಿ ವನ್ಯಧಾಮ 1987ರಲ್ಲಿ ಘೋಷಣೆಯಾಯಿತು, 2013ರಲ್ಲಿ ಸಾವಿರ ಚದರ ಕಿಲೋಮೀಟರ್ ಮೀರಿ ವಿಸ್ತರಿಸಿತು. ವನ್ಯಧಾಮದೊಳಗೆ ಬೇಟೆಗೆ ಅವಕಾಶವಿಲ್ಲ. ಹಿಡಿದು ಬಿಟ್ಟರೂ ಗಾಳ ಹಾಕುವುದು ಬೇಟೆಯೇ ಎಂಬ ಅರ್ಥವಿವರಣೆ ಬಂದು, 2012ರ ಹೊತ್ತಿಗೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಗಾಳ ನಿಂತಿತು.

ನಿಲ್ಲಿಸಿದವರ ವಾದದಲ್ಲಿ ತಿರುಳಿಲ್ಲದೆ ಇಲ್ಲ. ಕೊಂಡಿ ಚುಚ್ಚಿ, ಒಂದು ಗಂಟೆ ಎಳೆದಾಡಿ, ನೀರಿನಿಂದ ಎತ್ತಿ ಫೋಟೊ ತೆಗೆಯುವುದು ಮೀನಿಗೆ ಹಿಂಸೆಯೇ. ಅಳಿವಿನ ಅಂಚಿನ ಜೀವಿಯ ಮೇಲೆ ಅಂಥ ಮೋಜು ಬೇಡ ಎನ್ನುವುದು ಸರಳವಾದ, ಸ್ಪಷ್ಟವಾದ ನಿಲುವು. ಆನೆಗೂ ಹುಲಿಗೂ ಇರುವ ಕಾನೂನು ಮೀನಿಗೂ ಇರಲಿ ಎಂಬುದರಲ್ಲಿ ಗೌರವವೂ ಇದೆ.

ಆದರೆ ಗಾಳದ ಜೊತೆಗೆ ಇನ್ನೆರಡು ಸಂಗತಿಗಳೂ ನಿಂತುಹೋದವು. ರಾತ್ರಿ ಹೊಳೆಯ ಮೇಲೆ ದೀಪ ಹಿಡಿದು ತಿರುಗುತ್ತಿದ್ದ ಕಾವಲುಗಾರರ ಸಂಬಳ ನಿಂತಿತು. ದಿನದಿನದ ಲೆಕ್ಕದ ಪುಸ್ತಕ ನಿಂತಿತು. ಪಿಂಡರ್ ಮತ್ತು ರಾಘವನ್ 2013ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ: ಗಾಳದ ಶಿಬಿರಗಳು ಮಹಶೀರ್‌ಗೆ ಕಾವಲಾಗಿದ್ದವು, ಆ ಪಾತ್ರವನ್ನು ಕಾನೂನು ಗಮನಿಸಬೇಕಿತ್ತು. ಗೂನುಬೆನ್ನಿನ ಮೀನು ಕುಸಿಯುತ್ತಿದೆ ಎಂದು ಜಗತ್ತಿಗೆ ತಿಳಿದದ್ದೇ ಆ ಪುಸ್ತಕಗಳಿಂದ. ಆಮೇಲಿನ ವರ್ಷಗಳಿಗೆ ಅಂಥ ದಾಖಲೆ ಇಲ್ಲ. ಗಾಳವನ್ನು ನಿಲ್ಲಿಸಿದ್ದು ಸರಿಯೋ ತಪ್ಪೋ ಎಂಬ ವಾದಕ್ಕಿಂತ, ಕಾವಲನ್ನೂ ಎಣಿಕೆಯನ್ನೂ ಬೇರೆ ದಾರಿಯಲ್ಲಿ ಮುಂದುವರಿಸದೆ ಹೋದದ್ದೇ ದೊಡ್ಡ ನಷ್ಟ.

ಶಿಬಿರಗಳು ಮುಚ್ಚಲಿಲ್ಲ, ರೂಪ ಬದಲಾಯಿತು. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವವರು ಹಗ್ಗದ ಮೇಲೆ ನಡೆಯುತ್ತಾರೆ, ಹರಿಗೋಲಿನಲ್ಲಿ ಸುತ್ತು ಹೊಡೆಯುತ್ತಾರೆ, ದಡದ ಮೇಲೆ ಬಿಸಿಲು ಕಾಯುವ ಮೊಸಳೆ ನೋಡುತ್ತಾರೆ. ಹಳೆಯ ಗಾಳಗಾರರಿಗೆ ಉಸಿರು ಬಿಗಿಹಿಡಿಸುತ್ತಿದ್ದ ಮಡುಗಳ ಮೇಲೆಯೇ ಹರಿಗೋಲು ಹಾದುಹೋಗುತ್ತದೆ.

ಮೊಯಾರ್‌ನ ಉಳಿಕೆ

ಗೂನುಬೆನ್ನಿನ ಮಹಶೀರ್ ನೆಚ್ಚಿಕೊಳ್ಳಬಹುದಾದ ಸಂಖ್ಯೆಯಲ್ಲಿ ಉಳಿದಿರುವ ಜಾಗ ಮೊಯಾರ್. ನೀಲಗಿರಿಯಲ್ಲಿ ಹುಟ್ಟಿ, ಬಂಡೀಪುರ ಮತ್ತು ಮುದುಮಲೈ ಕಾಡುಗಳ ನಡುವೆ ಗಡಿಯಾಗಿ ಹರಿದು, ಆಳವಾದ ಕಮರಿಗೆ ಇಳಿದು, ಸತ್ಯಮಂಗಲದ ಕಾಡು ದಾಟಿ ಭವಾನಿಸಾಗರ ಸೇರುವ ನದಿ. ಒಂದು ದಡ ಸ್ವಲ್ಪ ದೂರ ಕರ್ನಾಟಕದ್ದು. ಹುಲಿ ರಕ್ಷಿತಾರಣ್ಯಗಳ ನಡುವೆ ಇರುವುದರಿಂದ ಜನಸಂಚಾರ ಕಡಿಮೆ, ತೋಟೆ ಹಿಡಿದು ಇಳಿಯುವುದು ಸುಲಭವಲ್ಲ.

ಲೋನಾವಳದಲ್ಲಿ ನೀಲಿರೆಕ್ಕೆಯದಕ್ಕೆ ಒಲಿದ ವಿದ್ಯೆಯನ್ನು ಗೂನುಬೆನ್ನಿನದಕ್ಕೆ ಬಳಸಬಹುದೆಂಬ ಆಸೆ ಸಹಜ. ಅದಕ್ಕೆ ಮೊದಲು ಬೇಕಾದದ್ದು ಬೆರಕೆಯಿಲ್ಲದ ತಾಯಿಮೀನುಗಳು. ಅವುಗಳನ್ನು ಹಿಡಿಯಲು ಹೋಗಿ ಉಳಿದ ಕೆಲವನ್ನೇ ಕಳೆದುಕೊಳ್ಳುವ ಭಯ. ಮರಿ ಬೆಳೆಸಿದರೂ ಬಿಡುವುದೆಲ್ಲಿ ಎಂಬ ಪ್ರಶ್ನೆ: ಕಾವೇರಿಯ ಮಡುಗಳಲ್ಲಿ ಈಗ ನೀಲಿರೆಕ್ಕೆಯದೇ ರಾಜ್ಯ. ಅದರ ಮರಿಗಳನ್ನು ಕಾವೇರಿ ಕಣಿವೆಗೆ ಬಿಡುವುದನ್ನು ನಿಲ್ಲಿಸುವುದು ಹಣ ಖರ್ಚಿಲ್ಲದ ಮೊದಲ ಹೆಜ್ಜೆ. ವಿಜ್ಞಾನಿಗಳು ಒತ್ತಿ ಹೇಳುತ್ತ ಬಂದಿರುವುದೂ ಅದನ್ನೇ.

ಮೊಯಾರ್‌ನ ನೀರೂ ಪೂರ್ತಿ ಸ್ವತಂತ್ರವಲ್ಲ. ಮೇಲೆ ಪೈಕಾರಾ ಮತ್ತು ಮೊಯಾರ್ ವಿದ್ಯುದಾಗಾರಗಳು ಬಿಟ್ಟಷ್ಟು ನೀರು ಅದರ ಹರಿವನ್ನು ತೀರ್ಮಾನಿಸುತ್ತದೆ. ಕೆಳಗೆ ಭವಾನಿಸಾಗರದ ಗೋಡೆ ದಾರಿ ಮುಗಿಸುತ್ತದೆ. ಆ ಎರಡರ ನಡುವೆ, ಕಾಡಾನೆಗಳು ನೀರಿಗಿಳಿಯುವ ಕಮರಿಯ ಮಡುಗಳಲ್ಲಿ, ಕಿತ್ತಳೆ ರೆಕ್ಕೆಯ ಮೀನು ಈ ಮಳೆಗಾಲದಲ್ಲೂ ಸೆಳವಿನೆದುರು ಮೇಲಕ್ಕೆ ಹೊರಟಿರುತ್ತದೆ.